ಹಡಗಿಗಿಂತ ಮುಂಚೆ ಹೊರಟ ಯಾದಿ

"ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ" ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ಮಕ್ಕಳಿಗೆ ಎಷ್ಟು ಸಲ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಅದರ ಅರ್ಥ ನನಗೇ ಸರಿಯಾಗಿ ತಿಳಿದದ್ದು ಮಾತ್ರ ನಿವೃತ್ತನಾದ ಮೇಲೆ, 2005ರಲ್ಲಿ, ಒಂದು ತೊಟ್ಟಿಲನ್ನು ಅಮೆರಿಕೆಗೆ ಕಳಿಸಲು ಹೊರಟಾಗ.

ನನ್ನ ಹುಟ್ಟೂರು ಕುಮಟಾ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಬಂದು ಇಲ್ಲಿಂದ ಹಡಗೇರಿ ಮುಂಬಯಿಗೆ ಹೋಗುತ್ತಿತ್ತು. ಬೆಳೆದದ್ದು ಬಯಲುಸೀಮೆಯಲ್ಲಾದರೂ ಪರದೇಶದ ಪೇಟೆಯಲ್ಲಿ ಆ ಹತ್ತಿಗೆ ನಮ್ಮೂರಿನ ಹೆಸರೇ ನಿಂತಿತು. ನಮ್ಮ ತೀರ್ಥರೂಪರ ಕಾಲಕ್ಕೆ ಆ ವೈಭವವೇನೂ ಉಳಿದಿರಲಿಲ್ಲ. ಅವರು ಒಬ್ಬ ವ್ಯಾಪಾರಿಯ ವಖಾರಿಯಲ್ಲಿ ಗುಮಾಸ್ತರು. ಮಚವೆಗೆ ಮಾಲು ತುಂಬುವಾಗ ದಡದಲ್ಲಿ ನಿಂತು, ಒಂದೊಂದು ಮೂಟೆ ಹಲಗೆ ದಾಟಿದಂತೆಲ್ಲ ಕಾಗದದ ಮೇಲೆ ಒಂದೊಂದು ಗೀಟು ಎಳೆಯುತ್ತಿದ್ದರು. ತುಂಬಿ ಮುಗಿದ ಮೇಲೆಯೇ ಯಾದಿ ಸಿದ್ಧವಾಗುತ್ತಿತ್ತು. ತಾಂಡೇಲ ಅದನ್ನು ಮಡಿಸಿ ಅಂಗಿಯ ಕಿಸೆಗೆ ಸೇರಿಸಿ ಹಾಯಿ ಬಿಚ್ಚುತ್ತಿದ್ದ. ಮಾಲೂ ಯಾದಿಯೂ ಒಂದೇ ಗಾಳಿಯಲ್ಲಿ ಸಾಗುತ್ತಿದ್ದವು.

ನನ್ನ ಪತ್ನಿ ತೀರಿಕೊಂಡದ್ದು 2004ರ ಮಳೆಗಾಲದಲ್ಲಿ. ಮರುವರ್ಷ ನ್ಯೂಜೆರ್ಸಿಯಲ್ಲಿದ್ದ ಮಗಳು ಗರ್ಭಿಣಿಯಾದಳು. "ಅಪ್ಪಯ್ಯ, ಆಯಿ ನನ್ನನ್ನು ತೂಗಿದ ತೊಟ್ಟಿಲು ಬೇಕು" ಎಂದಳು. ಹೊನ್ನಾವರದ ಮನೆಯ ಅಟ್ಟದಿಂದ ಹಲಸಿನ ಮರದ ಆ ತೊಟ್ಟಿಲನ್ನಿಳಿಸಿ ಬಡಗಿಯಿಂದ ಬಿಚ್ಚಿಸಿದೆ. ಜೊತೆಗೆ ಅವಳ ತಾಯಿಯ ಹಳೆಯ ಸೀರೆಗಳಿಂದ ಹೊಲಿದ ಕೌದಿ, ಎರಡು ಹಿತ್ತಾಳೆ ದೀಪ, ಒಂದು ಕಡೆಗೋಲು. ಕೌದಿಯ ಮಡಿಕೆಯೊಳಗೆ ಇನ್ನೊಂದನ್ನೂ ಇಟ್ಟೆ: ಅಪ್ಪೆಮಿಡಿ ಉಪ್ಪಿನಕಾಯಿಯ ಸಣ್ಣ ಭರಣಿ. ಆಕೆ ಕೊನೆಯ ಬೇಸಗೆಯಲ್ಲಿ ಹಾಕಿಟ್ಟದ್ದು. ತಿನ್ನುವ ಪದಾರ್ಥ ಬೇಡವೆಂದು ಮುಂಬಯಿಯ ಏಜೆಂಟರು ಮೊದಲೇ ಹೇಳಿದ್ದರು. ನಾನು ಕೇಳಿಸಿಕೊಳ್ಳದವನಂತೆ ಇದ್ದೆ. ನಮೂನೆಯಲ್ಲಿ ನನ್ನ ದುಂಡು ಅಕ್ಷರದಲ್ಲಿ "ಹಳೆಯ ಗೃಹೋಪಯೋಗಿ ಸಾಮಾನು ಮತ್ತು ಇತರೆ" ಎಂದು ಇಂಗ್ಲಿಷಿನಲ್ಲಿ ಬರೆದು ಲಾರಿಗೇರಿಸಿದೆ.

ವಾರದೊಳಗೆ ದೂರವಾಣಿ ಬಂತು. ನಾವಶೇವಾ ಬಂದರಿನಿಂದ ಹಡಗು ಹೊರಡುವುದಿದೆ, ನಿಮ್ಮ ಪೆಟ್ಟಿಗೆ ಹೋಗುವಂತಿಲ್ಲ ಎಂದು. "ಇತರೆ ಅಂದರೆ ಏನು ಸರ್?" ಎಂದು ಆ ಹುಡುಗ ಕೇಳಿದ. ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆಯಲ್ಲಿ "ಇತ್ಯಾದಿ" ಕಂಡಲ್ಲೆಲ್ಲ ಕೆಂಪು ಗೆರೆ ಎಳೆದವನು ನಾನು. ಉತ್ತರ ಹೊಳೆಯಲಿಲ್ಲ.

ಸಿಟ್ಟಿನಿಂದ ಭಟ್ಕಳದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನು ಮಾಡಿದೆ. ದುಬೈಯ ಹಡಗು ಕಚೇರಿಯೊಂದರಲ್ಲಿ ಅವನಿಗೆ ಕೆಲಸ. ನಾನು ಭಟ್ಕಳದಲ್ಲಿ ಮಾಸ್ತರನಾಗಿದ್ದಾಗ ಯಾವುದಾದರೊಂದು ಮನೆಗೆ "ಕಾರ್ಗೋ ಬಂತು" ಎಂದರೆ ಕೇರಿಗೆಲ್ಲ ಹಬ್ಬ. ಅಂಥ ಪೆಟ್ಟಿಗೆಗಳ ನಡುವೆ ಬೆಳೆದವನು ಅವನು. ಅವನೇ ನನಗೆ ಪಾಠ ಹೇಳಿದ.

2001ರ ಸೆಪ್ಟೆಂಬರಿನ ದಾಳಿಯ ನಂತರ ಅಮೆರಿಕದವರು ಒಂದು ನಿಯಮ ತಂದರು. 2002ರ ಡಿಸೆಂಬರಿನಿಂದ ಜಾರಿ. ತಮ್ಮ ದೇಶಕ್ಕೆ ಬರುವ ಕಂಟೇನರು ಪರದೇಶದ ಬಂದರಿನಲ್ಲಿ ಹಡಗೇರುವುದಕ್ಕೆ 24 ಗಂಟೆ ಮೊದಲೇ ಅದರೊಳಗೇನಿದೆ, ಕಳಿಸುವವರು ಯಾರು, ಪಡೆಯುವವರು ಯಾರು ಎಂಬುದೆಲ್ಲ ಅವರ ಸುಂಕದ ಇಲಾಖೆಯ ಗಣಕಯಂತ್ರಕ್ಕೆ ತಲುಪಬೇಕು. "ಸಾಮಾನ್ಯ ಸರಕು", "ಒಳಗೆ ಇದೆಯೆಂದು ಹೇಳಲಾದ" ಮುಂತಾದ ಹಳೆಯ ಹಡಗುಭಾಷೆ ನಡೆಯದು. ಒಂದು ಕಂಟೇನರಿನಲ್ಲಿ ಹತ್ತಾರು ಮಂದಿಯ ಸಾಮಾನಿರುತ್ತದೆ. ನನ್ನೊಬ್ಬನ "ಇತರೆ"ಯಿಂದ ಎಲ್ಲರದೂ ದಡದಲ್ಲೇ ಉಳಿದೀತು.

"ಇದೇನಪ್ಪಾ, ಪೋರ್ಚುಗೀಸರ ಕರ್ತಾಜ್ ಮತ್ತೆ ಬಂತೋ?" ಎಂದೆ. ಹದಿನಾರನೆಯ ಶತಮಾನದಲ್ಲಿ ನಮ್ಮ ಕರಾವಳಿಯ ಹಡಗುಗಳು ಅವರಿಂದ ರಹದಾರಿ ಪಡೆಯಬೇಕಿತ್ತು. ಹಡಗು ಯಾರದು, ಎಲ್ಲಿಗೆ ಹೋಗುತ್ತದೆ ಎಂದೆಲ್ಲ ಅದರಲ್ಲಿ ಬರೆದಿರುತ್ತಿತ್ತು. ಅದಿಲ್ಲದೆ ಸಿಕ್ಕಿಬಿದ್ದರೆ ಹಡಗೂ ಹೋಯಿತು, ಮೆಣಸೂ ಹೋಯಿತು. ಮೆಣಸಿನ ರಾಣಿ ಎಂದು ಹೆಸರಾದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಮೆಣಸು ಸಮುದ್ರ ಸೇರುತ್ತಿದ್ದುದು ನಮ್ಮ ಹೊನ್ನಾವರ, ಭಟ್ಕಳಗಳ ಮೂಲಕವೇ. ಇತಿಹಾಸದ ಮಾಸ್ತರನಿಗೆ ಇಂಥ ಹೋಲಿಕೆಗಳು ಬಲು ಬೇಗ ಸಿಗುತ್ತವೆ.

ಅವನು ನಕ್ಕ. ಆಮೇಲೆ ಮೆಲ್ಲಗೆ ಹೇಳಿದ: "ಮಾಸ್ತರ್ರೆ, ಮೇಲಿನ ಪೆಟ್ಟಿಗೆಯಲ್ಲಿ ಏನಿದೆ ಅಂತ ಗೊತ್ತಿಲ್ಲದೇ ಅದರ ಕೆಳಗೆ ಮಲಗುವವರು ಖಲಾಸಿಗಳು. ನಮ್ಮೂರಿನವರೂ ಇದ್ದಾರೆ. ನೀವೇನೋ ಅಡಗಿಸಿಟ್ಟಿದ್ದೀರಿ, ಹೌದಾ?"

ಶಿಷ್ಯನೆದುರು ಒಪ್ಪಿಕೊಳ್ಳಬೇಕಾಯಿತು. ಅವನ ಸಲಹೆಯಂತೆ ಅಂದು ರಾತ್ರಿಯೇ ಹೊಸ ಯಾದಿ ಬರೆದೆ. ಬಳಸಿದ ಮರದ ತೊಟ್ಟಿಲು, ಒಂದು. ಬಳಸಿದ ಹತ್ತಿಯ ಹೊದಿಕೆ, ಒಂದು. ಹಿತ್ತಾಳೆ ದೀಪ, ಎರಡು. ಕಡೆಗೋಲಿಗೆ ಇಂಗ್ಲಿಷ್ ಪದ ಹುಡುಕಲು ಅರ್ಧ ಗಂಟೆ ಹಿಡಿಯಿತು. ಭರಣಿಯ ವಿಷಯವನ್ನು ಏಜೆಂಟರ ಹುಡುಗನಿಗೆ ಹೇಳಿದಾಗ ಅವನು ಬೈಯಲಿಲ್ಲ. ಪೆಟ್ಟಿಗೆ ಬಿಚ್ಚಿಸಿ ತೆಗೆದಿರಿಸಿದ. ಮುಂಬಯಿಯಿಂದ ಬಂದ ನೆಂಟರ ಚೀಲದಲ್ಲಿ ಅದು ಹೊನ್ನಾವರಕ್ಕೆ ಮರಳಿತು. ಪೆಟ್ಟಿಗೆ ಮುಂದಿನ ಹಡಗಿಗೆ ಹೋಯಿತು. ತೊಟ್ಟಿಲು ತಲುಪುವ ಹೊತ್ತಿಗೆ ಹೆಸರಿಡುವ ಶಾಸ್ತ್ರ ಮುಗಿದಿತ್ತು. ಕೂಸನ್ನು ಅಂದು ಅಂಗಡಿಯಿಂದ ತಂದ ತೊಟ್ಟಿಲಿನಲ್ಲಿ ಮಲಗಿಸಿದರಂತೆ. ಮಗಳು ಏನೂ ಅನ್ನಲಿಲ್ಲ. ಅದೇ ನನಗೆ ಹೆಚ್ಚು ನೋಯಿಸಿತು.

ಯುರೋಪಿನವರು 2011ರಿಂದ, ಜಪಾನಿನವರು 2014ರಿಂದ ಇಂಥದೇ ನಿಯಮ ತಂದರು. ನಮ್ಮ ಸರ್ಕಾರವೂ 1971ರ ನಿಯಮಗಳ ಬದಲಿಗೆ 2018ರಲ್ಲಿ ಹೊಸ ನಿಯಮಾವಳಿ ಹೊರಡಿಸಿತು. ಹಡಗು ಹಿಂದಿನ ಬಂದರನ್ನು ಬಿಡುವ ಮೊದಲೇ ಯಾದಿ ಇಲ್ಲಿಗೆ ಬರಬೇಕೆಂಬುದು ಅದರ ತಿರುಳು. ಪೂರ್ಣ ಜಾರಿಯ ಗಡುವು ಮಾತ್ರ ಮುಂದಕ್ಕೆ, ಮತ್ತೂ ಮುಂದಕ್ಕೆ ಹೋಯಿತು. ನಮ್ಮಲ್ಲಿ ಯಾವ ಗಡುವು ತಾನೇ ಒಂದೇ ಸಲಕ್ಕೆ ನಿಂತಿದೆ?

2025ರ ಜೂನ್ 9ರಂದು ಕೇರಳದ ಕರಾವಳಿಯಾಚೆ ವಾನ್ ಹೈ 503 ಎಂಬ ಕಂಟೇನರ್ ಹಡಗಿಗೆ ಬೆಂಕಿ ಬಿತ್ತು. ನಾವಿಕರಲ್ಲಿ ನಾಲ್ವರು ಕಾಣೆಯಾದರು. ಉಳಿದ 18 ಮಂದಿಯನ್ನು ನೌಕಾಪಡೆಯವರು ಮಂಗಳೂರಿಗೆ ಕರೆತಂದರು. ಯಾವ ಪೆಟ್ಟಿಗೆಯಲ್ಲಿ ಯಾವ ರಾಸಾಯನಿಕವಿದೆ ಎಂಬ ಯಾದಿ ಪತ್ರಿಕೆಗಳಲ್ಲೂ ಚರ್ಚೆಯಾಯಿತು. ಅದನ್ನೋದುತ್ತ ನನಗೆ ಶಿಷ್ಯನ ಮಾತು ನೆನಪಾಗಿ, ಮತ್ತೆ ಅವನಿಗೆ ಫೋನು ಮಾಡಿದೆ. ಅವನೂ ಈಗ ಕೆಲಸ ಬಿಟ್ಟು ಭಟ್ಕಳಕ್ಕೆ ಬಂದು ನೆಲೆಸಿದ್ದಾನೆ.

ಭರಣಿಯ ಕಥೆ ಹೇಳುವುದು ಉಳಿಯಿತು. 2007ರಲ್ಲಿ ಮಗಳು ಮಗುವಿನೊಂದಿಗೆ ಬಂದಾಗ ಅದನ್ನು ಬಿಚ್ಚಿದೆವು. ಮಿಡಿ ಸ್ವಲ್ಪ ಮೆತ್ತಗಾಗಿತ್ತು, ಪರಿಮಳ ಹಾಗೆಯೇ ಇತ್ತು. ಗಂಜಿಯೊಡನೆ ಅವಳು ಎರಡು ಮಿಡಿ ತಿಂದಳು. ಮೂರನೆಯದನ್ನು ಎತ್ತಿ, ನೋಡಿ, ಮತ್ತೆ ಭರಣಿಗೇ ಹಾಕಿದಳು.