ಅಪ್ಪನ ಸೈಕಲ್ಲಿನ ಜಂಗು

ಹಾನಗಲ್ಲಿನ ನಮ್ಮ ಹಳೆಯ ಮನೆಯ ಕೊಟ್ಟಿಗೆಯಲ್ಲಿ ತಂದೆಯವರ ರ್ಯಾಲೇ ಸೈಕಲ್ಲು ಇಪ್ಪತ್ತು ಮಳೆಗಾಲಗಳನ್ನು ಕಳೆದಿತ್ತು. ಬಂಗಾಳದ ಅಸನ್ಸೋಲಿನ ಸೆನ್-ರ್ಯಾಲೇ ಕಾರ್ಖಾನೆಯಲ್ಲಿ ತಯಾರಾದದ್ದು. ಆ ಕಾರ್ಖಾನೆ ಈಗಿಲ್ಲ. ಹಿರೇಕೆರೂರು ತಾಲ್ಲೂಕಿನಲ್ಲಿ ನನ್ನ ಪಾಠ ಕೇಳಿದವರು ಈ ಸೈಕಲ್ಲನ್ನು ಬಲ್ಲರು. ಈಚೆಗೆ ತಮ್ಮನ ಮೊಮ್ಮಗ, "ಅಜ್ಜಾ, ಇದನ್ನ ನಾ ಹೊಡೀತೀನಿ" ಎಂದು ಹಟ ಹಿಡಿದ. ಶಿಗ್ಗಾಂವಿಯ ನನ್ನ ಮನೆಗೆ ಅದನ್ನು ತರಿಸಿದೆ.

ತುಕ್ಕಿಗೆ ನೀರು, ಗಾಳಿ ಎರಡೂ ಬೇಕೆಂದು ಮೂರು ಪ್ರನಾಳಗಳಲ್ಲಿ ಮೊಳೆಗಳನ್ನಿಟ್ಟು ತೋರಿಸುತ್ತಿದ್ದೆನಲ್ಲವೆ? ಹಾನಗಲ್ಲು ಮಲೆನಾಡಿನ ಸೆರಗು, ತೇವಕ್ಕೆ ಕೊರತೆಯಿಲ್ಲ. ಮೇಲಾಗಿ ಈ ಸೈಕಲ್ಲು ವರ್ಷಗಟ್ಟಲೆ ಗೊಬ್ಬರದ ಚೀಲ ಹೊತ್ತಿತ್ತು. ಗೊಬ್ಬರದ ಪುಡಿ ಗಾಳಿಯ ತೇವವನ್ನು ಹೀರಿ ಕಬ್ಬಿಣಕ್ಕೆ ಉಣಿಸುತ್ತದೆ. ಸವಣೂರಿನ ಒಣ ಹವೆಯಲ್ಲಿದ್ದರೆ ಇಷ್ಟು ಕೆಡುತ್ತಿರಲಿಲ್ಲವೇನೋ.

ಹೊರಗಿನ ಜಂಗು ಹೆಚ್ಚು ಕಾಡಲಿಲ್ಲ. ಹ್ಯಾಂಡಲ್ಲಿಗೂ ರಿಮ್ಮುಗಳಿಗೂ ಊಟ ಕಟ್ಟುವ ಅಲ್ಯುಮಿನಿಯಂ ಹಾಳೆಯನ್ನು ನೀರಿನಲ್ಲಿ ಅದ್ದಿ ಉಜ್ಜಿದೆ. ಅದು ಕ್ರೋಮಿಯಂ ಲೇಪಕ್ಕಿಂತ ಮೆದು, ಆದ್ದರಿಂದ ಹೊಳಪು ಗೀಚುವುದಿಲ್ಲ. ಚೈನು ಎರಡು ದಿನ ಸೀಮೆಎಣ್ಣೆಯಲ್ಲಿ ನೆನೆಯಿತು. ಸೀಟಿನ ಕಂಬಿ ಮಾತ್ರ ಅಲುಗಲಿಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಕೊಳವೆಯೊಳಗೆ ಉಬ್ಬಿ ಬಿಗಿಯುತ್ತದೆ. ದಿನವೂ ಎಣ್ಣೆ ಬಿಟ್ಟು, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಐದನೆಯ ದಿನ ತಿರುಗಿಸಿದೆ. ಜರಡಿಯಂತಾಗಿದ್ದ ಮಡ್‌ಗಾರ್ಡುಗಳನ್ನು ಗುಜರಿಗೆ ಹಾಕಿಸಿದೆ.

ಇಷ್ಟಾದ ಮೇಲೆ ಬಂದ ಮೆಕ್ಯಾನಿಕ್, "ಸರ್, ಹೊರಗಿಂದು ಕಣ್ಣಿಗೆ ಕಾಣತೈತಿ, ಬಿಡ್ರಿ. ಫೋರ್ಕ್ ಬಿಚ್ಚಿ ನೋಡೋಣ್ರಿ" ಎಂದ. ಮುಂದಿನ ಫೋರ್ಕಿನ ಮೇಲ್ತುದಿಯ ಕೊಳವೆ ಚೌಕಟ್ಟಿನೊಳಗೆ ಅಡಗಿರುತ್ತದೆ. ಹ್ಯಾಂಡಲ್ಲಿನ ಸಂದಿಯಿಂದ ಇಳಿದ ನೀರು ಅಲ್ಲಿಯೇ ನಿಂತಿತ್ತು. ಅವನು ದಬ್ಬಳ ಒತ್ತಿದ, ಸಲೀಸಾಗಿ ಒಳಹೊಕ್ಕಿತು. ಬ್ರೇಕು ಹಿಡಿದಾಗ ಸವಾರನ ಭಾರವೆಲ್ಲ ಬೀಳುವುದು ಆ ಕೊಳವೆಯ ಮೇಲೆಯೇ. ಅದು ಮುರಿದರೆ ಹುಡುಗ ಮುಖ ಅಡಿಯಾಗಿ ಬೀಳುತ್ತಾನೆ.

ಬೆಸುಗೆ ಹಾಕಿಸಿ ಬಣ್ಣ ಬಳಿಸಲು ಕೆಲವರು ಸೂಚಿಸಿದರು. ತೆಳುವಾದ ಲೋಹಕ್ಕೆ ಬೆಸುಗೆ ಹಾಕಿದರೆ ಅದರ ಪಕ್ಕದಲ್ಲಿಯೇ ಮುರಿಯುತ್ತದೆ, ನಾನು ಒಪ್ಪಲಿಲ್ಲ. "ಅಣ್ಣಾ, ಫೋರ್ಕ್ ಬದಲಿ ಮಾಡಿದ್ರ ಅದು ಅಪ್ಪನ ಸೈಕಲ್ ಹೆಂಗ ಆಗತೈತಿ?" ಎಂದು ತಮ್ಮ ಮುನಿಸಿಕೊಂಡ. ಅಪ್ಪನೇ ಎರಡು ಬಾರಿ ಚಕ್ರ ಬದಲಿಸಿದ್ದರೆಂದು ನೆನಪಿಸಿದೆ. ಮೂರು ದಿನ ಫೋನು ಮಾಡಲಿಲ್ಲ.

ಬೇರೊಂದು ಕಂಪನಿಯ ಹೊಸ ಫೋರ್ಕು ಕೂತಿದೆ. ಚೌಕಟ್ಟಿಗೆ ಬಣ್ಣ ಹಚ್ಚಿಸಲಿಲ್ಲ; ಅಪ್ಪ ಎತ್ತಿ ಹಿಡಿಯುತ್ತಿದ್ದೆಡೆ ಸವೆದ ಗುರುತು ಉಳಿಯಲೆಂದು ಅಗಸೆ ಎಣ್ಣೆಯನ್ನಷ್ಟೇ ತೆಳುವಾಗಿ ಒರೆಸಿದ್ದೇನೆ. ಗಂಟೆಯೊಳಗಿನ ಸ್ಪ್ರಿಂಗು ಸಿಕ್ಕಿಲ್ಲ. ನಿಮ್ಮಲ್ಲಿ ಯಾರ ಅಟ್ಟದ ಮೇಲಾದರೂ ಹಳೆಯ ಗಂಟೆಯಿದ್ದರೆ ದಯವಿಟ್ಟು ತಿಳಿಸಿರಿ.