ಒಂಟಿ ಎಲೆಕ್ಟ್ರಾನಿನ ಜೋಡಿ ಲೆಕ್ಕ

ಲೆಕ್ಕ ಬಿಡಿಸುವುದರಲ್ಲಿ ಒಂದು ರುಚಿಯಿದೆ. ಅದರಲ್ಲೂ ಗಡಿಯ ಲೆಕ್ಕಗಳ ರುಚಿಯೇ ಬೇರೆ. ಎರಡು ವಸ್ತುಗಳು ಒಂದಕ್ಕೊಂದು ತಾಗಿಕೊಂಡಿವೆ; ಈ ಕಡೆಯಿಂದ ಹೊರಟ ಎಲೆಕ್ಟ್ರಾನ್ ಆ ಕಡೆಗೆ ದಾಟೀತೇ, ವಾಪಸು ಬಂದೀತೇ, ದಾಟಿದರೆ ಏನಾಗಿ ದಾಟೀತು? ತುಮಕೂರಿನ ಸತ್ಯಮಂಗಲದ ನಮ್ಮ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ನಾನು ಕೂರುವುದು ಇದೇ ಪ್ರಶ್ನೆಯೆದುರು. ಒಂದು ಮಗ್ಗುಲು ಖಾಲಿಯಿರುವ ಹಾಳೆಗಳು, ಮೆತ್ತನೆಯ ಪೆನ್ಸಿಲ್, ಒಳ್ಳೆಯ ರಬ್ಬರ್ ಇದ್ದರೆ ಸಾಕು. ಹೊರಗೆ ಲಾರಿಗಳ ಸದ್ದು ಕಿವಿಗೆ ಬೀಳುವುದು ಲೆಕ್ಕ ಕೈಗೆ ಹತ್ತದಿದ್ದಾಗ ಮಾತ್ರ.

ಗಡಿಯ ಒಂದು ಕಡೆ ಅತಿವಾಹಕ, ಇನ್ನೊಂದು ಕಡೆ ಸದ್ಯಕ್ಕೆ ಸಾಮಾನ್ಯ ಲೋಹ. 1911ರಲ್ಲಿ ಲೈಡನ್ನಿನ ಕಾಮರ್ಲಿಂಗ್ ಓನ್ಸ್ ಪಾದರಸವನ್ನು ಮೈನಸ್ 269 ಡಿಗ್ರಿ ಸೆಲ್ಸಿಯಸ್‌ವರೆಗೆ ತಣಿಸಿದಾಗ ಅದರ ವಿದ್ಯುತ್ ರೋಧ ಮಾಯವಾಗಿತ್ತು. ಯಾಕೆಂದು ಬಾರ್ಡೀನ್, ಕೂಪರ್, ಶ್ರೀಫರ್ ವಿವರಿಸಿದ್ದು 1957ರಲ್ಲಿ: ಅಲ್ಲಿ ಎಲೆಕ್ಟ್ರಾನ್‌ಗಳು ಜೋಡಿಯಾಗಿ ಓಡಾಡುತ್ತವೆ, ಜೋಡಿ ಒಡೆಯಲು ಶಕ್ತಿ ಬೇಕು. ಅಷ್ಟು ಶಕ್ತಿಯಿಲ್ಲದ ಒಂಟಿ ಎಲೆಕ್ಟ್ರಾನಿಗೆ ಒಳಗೆ ಜಾಗವೇ ಇಲ್ಲ. ಹಾಗಾದರೆ ಗಡಿಗೆ ಬಂದು ಅದು ಏನು ಮಾಡುತ್ತದೆ? 1964ರಲ್ಲಿ ರಷ್ಯದ ಆಂಡ್ರೀವ್ ಕೊಟ್ಟ ಉತ್ತರ ನನಗೆ ಇಂದಿಗೂ ಪುಳಕ ತರುತ್ತದೆ. ಅದು ಈ ಕಡೆಯಿಂದಲೇ ಇನ್ನೊಂದು ಎಲೆಕ್ಟ್ರಾನನ್ನು ಕರೆದುಕೊಂಡು, ಜೋಡಿಯಾಗಿ ಒಳಹೋಗುತ್ತದೆ. ಆ ಇನ್ನೊಂದು ಬಿಟ್ಟುಹೋದ ಖಾಲಿ ಜಾಗ, ಅಂದರೆ ಹೋಲ್, ಬಂದ ದಾರಿಯಲ್ಲೇ ಹಿಂದಿರುಗುತ್ತದೆ.

“ಸಾರ್, ಗಡಿಗೆ ಬಂದಿದ್ದು ಒಂದೇ ತಾನೇ? ಕರೆಂಟಿನ ಲೆಕ್ಕದಲ್ಲಿ ಎರಡು ಹೆಂಗ್ ಬಂತು?” ಎಂದು ಪಾಠಕ್ಕೆ ಬರುವ ಹುಡುಗಿಯೊಬ್ಬಳು ಕೇಳಿದಳು. “ಹೋಲ್ ಹಿಂದಕ್ಕೆ ಬಂತಲ್ಲಮ್ಮ, ಅದನ್ನೂ ಸೇರಿಸು” ಎಂದೆ. ಪಾಸಿಟಿವ್ ಚಾರ್ಜು ಹಿಂದೆ ಬಂದರೆ ನೆಗೆಟಿವ್ ಚಾರ್ಜು ಮುಂದೆ ಹೋದಂತೆಯೇ. ಅವಳ ಮುಖ ಅರಳಿತು. ಆದರೆ ಗಡಿಯಲ್ಲಿ ಗಟ್ಟಿಯಾದ ತಡೆಯಿದ್ದರೆ ಈ ಇಮ್ಮಡಿ ಉಳಿಯುವುದಿಲ್ಲ. ಇಬ್ಬರೂ ದಾಟಬೇಕಲ್ಲ, ಕರೆಂಟು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಬ್ಲಾಂಡರ್, ಟಿಂಕಮ್, ಕ್ಲಾಪ್‌ವೈಕ್ 1982ರಲ್ಲಿ ಇದನ್ನು ಅಚ್ಚುಕಟ್ಟಾದ ಸೂತ್ರವಾಗಿಸಿದರು.

ಇನ್ನೊಂದು ಕಡೆ ಲೋಹದ ಬದಲು ಟೋಪಾಲಜಿಕಲ್ ಇನ್ಸುಲೇಟರ್ ಇಟ್ಟರೆ ಲೆಕ್ಕಕ್ಕೆ ಹೊಸ ಜೀವ ಬರುತ್ತದೆ. ಬಿಸ್ಮತ್ ಸೆಲೆನೈಡ್‌ನಂಥ ಹರಳುಗಳಲ್ಲಿ ಒಡಲೊಳಗೆ ವಿದ್ಯುತ್ ಹರಿಯದು, ಮೈಮೇಲೆ ಹರಿಯುತ್ತದೆ. ನಮ್ಮ ಸೀಮೆಯ ತೆಂಗಿನಕಾಯಿ ಒಡೆದರೆ ಚಿಪ್ಪು ಹೋಗಿ ಬಿಳಿ ತಿರುಳು ಕಾಣುತ್ತದೆ. ಈ ಹರಳನ್ನು ಎಲ್ಲಿ ಸೀಳಿದರೂ ಸೀಳಿದ ಮುಖವೇ ಮತ್ತೆ ಚಿಪ್ಪಾಗಿ ವಿದ್ಯುತ್ ಹರಿಸುತ್ತದೆ. ಆ ಮೈಮೇಲೆ ಎಲೆಕ್ಟ್ರಾನಿನ ಸ್ಪಿನ್, ಅಂದರೆ ಪುಟ್ಟ ಕಾಂತದಂಥ ಅದರ ಗುಣ, ಅದು ಸಾಗುವ ದಿಕ್ಕಿಗೆ ಕಟ್ಟುಬಿದ್ದಿದೆ. ನೇರ ಎದುರಿಗೆ ಬಂದದ್ದು ಹಿಂದೆ ತಿರುಗಬೇಕಾದರೆ ಸ್ಪಿನ್ನೂ ತಿರುಗಬೇಕು, ಕಾಂತಗುಣವಿಲ್ಲದ ತಡೆಗೆ ಅದನ್ನು ತಿರುಗಿಸಲಾಗದು. ಹಾಗಾಗಿ ನೇರ ಬಂದ ಎಲೆಕ್ಟ್ರಾನಿಗೆ ಹೋಲ್ ಆಗಿ ಮರಳುವುದೊಂದೇ ದಾರಿ. ಆಂಡ್ರೀವ್ ಕಂಡದ್ದು ಇಲ್ಲಿ ಚೂರೂ ಸೋರದೆ ಉಳಿಯುತ್ತದೆ.

ತುಮಕೂರಿನಲ್ಲಿ ರೈಲು ಹತ್ತಿ ಯಶವಂತಪುರದಲ್ಲಿ ಇಳಿದರೆ ಭಾರತೀಯ ವಿಜ್ಞಾನ ಸಂಸ್ಥೆ ಹತ್ತಿರವೇ. ಅಲ್ಲಿದ್ದ ಅಭಿರಾಮ್ ಸೂರಿ, ಓಯಿಂದ್ರಿಲಾ ದೇಬ್, ದೀಪ್ತಿಮಾನ್ ಸೇನ್, ಕೋಲ್ಕತ್ತದ ಕೃಷ್ಣೇಂದು ಸೇನ್‌ಗುಪ್ತ ಜೊತೆಗೂಡಿ 2013ರಲ್ಲಿ ‘ಫಿಸಿಕಲ್ ರಿವ್ಯೂ ಬಿ’ಯಲ್ಲಿ ಇಂಥದೊಂದು ಜಂಕ್ಷನ್ನಿನ ಲೆಕ್ಕ ಪ್ರಕಟಿಸಿದರು. ಲಂಬವಾಗಿ ಕೂಡುವ ಎರಡು ಟೋಪಾಲಜಿಕಲ್ ಮೈಗಳು, ಅದೇ ಅಂಚಿಗೆ ತಾಗಿದ ಅತಿವಾಹಕ, ಮೂರು ಕಡೆಗೂ ಒಂದೊಂದು ತಡೆ. ಆ ಬರಹವನ್ನು ಓದಿ ಮುಗಿಸುವುದಕ್ಕಿಂತ ಒಂದೊಂದೇ ಸಾಲನ್ನು ಕೈಯಾರೆ ಕಟ್ಟಿಕೊಳ್ಳುವುದು ನನ್ನ ಸುಖ.

ಆ ಸುಖದ ತಿರುಳಿರುವುದು ಅಂಚಿನಲ್ಲೇ. ಅತಿವಾಹಕದ ಕಡೆ ಶ್ರೋಡಿಂಗರ್ ಸಮೀಕರಣ: ತೆಳು ತಡೆಯಲ್ಲಿ ಎಲೆಕ್ಟ್ರಾನಿನ ಅಲೆ ಮುರಿಯಬಾರದು, ಅದರ ಇಳಿಜಾರು ಮಾತ್ರ ಜಿಗಿಯಬಹುದು. ಟೋಪಾಲಜಿಕಲ್ ಮೈಯ ಕಡೆ ಡಿರಾಕ್ ಸಮೀಕರಣ: ಅಲೆಯೇ ಜಿಗಿಯಬಹುದು, ಕರೆಂಟಿನ ಲೆಕ್ಕ ಮಾತ್ರ ತಪ್ಪಬಾರದು. ಒಂದರಲ್ಲಿ ತಡೆ ಬಲಿತಂತೆ ಹರಿವು ಸೊರಗುತ್ತದೆ. ಇನ್ನೊಂದರಲ್ಲಿ ಏರುತ್ತ ಇಳಿಯುತ್ತ ಹೋಗುತ್ತದೆ. ಎರಡು ಸಮೀಕರಣಗಳನ್ನು ಒಂದೇ ಅಂಚಿಗೆ ತಂದು ಕೂಡಿಸಿ, ಒಳಬಂದ ಕರೆಂಟೂ ಹೊರಹೋದ ಕರೆಂಟೂ ಸರಿಹೊಂದಿದಾಗ ಸಿಗುವ ಸಮಾಧಾನಕ್ಕೆ ಸಾಟಿಯಿಲ್ಲ. ಒಂದು ಮೈನಸ್ ಚಿಹ್ನೆ ಜಾಗ ಬದಲಿಸಿದರೂ ಕಟ್ಟಡವೆಲ್ಲ ಅಲುಗುತ್ತದೆ. ಆ ಕಟ್ಟುನಿಟ್ಟೇ ನನಗೆ ಪ್ರೀತಿ.

ಕೆಲವು ಅತಿವಾಹಕಗಳಲ್ಲಿ ಜೋಡಿಯ ಎರಡೂ ಸ್ಪಿನ್‌ಗಳು ಸೇರಿ ಒಟ್ಟು ಒಂದು ಸ್ಪಿನ್ ಉಳಿಯಬಹುದು. ಅದು ಎಂಥದೆಂದು ಇಂಥ ಜಂಕ್ಷನ್ನಿನಿಂದ ಪತ್ತೆಹಚ್ಚಬಹುದೆಂದು ಆ ನಾಲ್ವರು ತೋರಿಸಿದರು. ಸ್ಪಿನ್ ಹರಿವಿನ ಗ್ರಾಫಿನಲ್ಲಿ ಸೊನ್ನೆ ವೋಲ್ಟಿನ ಶಿಖರದ ಜೊತೆಗೆ ಅನಿರೀಕ್ಷಿತವಾದ ಇನ್ನೊಂದು ಪುಟ್ಟ ಶಿಖರವೂ ಅವರಿಗೆ ಕಂಡಿತು. ವಸ್ತುವೊಂದು ಒಡಲಲ್ಲಿ ಮುಚ್ಚಿಟ್ಟುಕೊಂಡದ್ದನ್ನು ಗಡಿಯಲ್ಲಿ ಬಿಟ್ಟುಕೊಡುತ್ತದೆ ಎಂಬುದು ನನ್ನ ನಂಬಿಕೆ.

ಇದರ ರುಚಿ ನೋಡಬೇಕೆನ್ನುವವರು ತಡೆಯಿಲ್ಲದ ಸರಳ ಗಡಿಯಿಂದ ಶುರುಮಾಡಿ. ಬಿಎಸ್ಸಿಯ ಮ್ಯಾಟ್ರಿಕ್ಸ್ ಮತ್ತು ಕ್ವಾಂಟಂ ಪಾಠ ನೆನಪಿದ್ದರೆ ಸಾಕು. ಹಾಳೆಯ ಕೊನೆಗೆ ‘2’ ಬಂದರೆ ಲೆಕ್ಕ ಸರಿ. ಆಮೇಲೆ ತಡೆಯನ್ನು ಸೇರಿಸಿ, ಯಾವ ಕಡೆ ಆ ಎರಡು ಕರಗುತ್ತದೆ, ಯಾವ ಕಡೆ ಹಟ ಹಿಡಿದು ನಿಲ್ಲುತ್ತದೆ ಎಂದು ನೀವೇ ನೋಡಿ.