ಬಡಗು ಯಾಕೆ ಮೇಲೆ?

ನಮ್ಮ ಟೀಮಿನ ಒಬ್ಬರು ದೆಹಲಿಯವರು. ಬೆಂಗಳೂರಿಗೆ ಹೊರಟಾಗಲೆಲ್ಲ ಕಾಲ್‌ನಲ್ಲಿ “ನೀಚೇ ಜಾ ರಹಾ ಹೂಂ” ಅನ್ನುತ್ತಾರೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ದೆಹಲಿ 200ರ ಆಸುಪಾಸಿನಲ್ಲಿ. ಅಂದರೆ ಅವರು ಹೊರಟದ್ದು 700 ಮೀಟರ್ ಮೇಲಕ್ಕೆ. ಒಮ್ಮೆ ಇದನ್ನು ಹೇಳಿಯೂ ನೋಡಿದೆ. “ಮ್ಯಾಪ್ ಮೇ ತೋ ನೀಚೇ ಹೀ ಹೈ ನಾ” ಅಂದರು. ಉತ್ತರ ಹೊಳೆಯಲಿಲ್ಲ. ಉತ್ತರವೇ ಹೋಗಿ ಮೇಲೆ ಕೂತದ್ದರಿಂದ ಬಂದ ಪೇಚು ಇದು. (ರೈಲ್ವೆಯವರ ‘ಅಪ್’, ‘ಡೌನ್’ ಲೆಕ್ಕ ಬೇರೆಯೇ ಇದೆ, ಅದನ್ನು ಇಲ್ಲಿ ಎಳೆಯುವುದಿಲ್ಲ.)

ನಕ್ಷೆಯ ತಲೆ ಯಾವ ಕಡೆ ಎಂಬ ಪ್ರಶ್ನೆ ನನಗೆ ಗಂಟುಬಿದ್ದದ್ದು ಕೆಲಸದ ದಾರಿಯಲ್ಲಿ. ಸರಕು ಸಾಗಣೆಯ ಪ್ರಾಜೆಕ್ಟೊಂದರಲ್ಲಿ ಪುಣೆಯ ಸುತ್ತ ಓಡಾಡುವ ಲಾರಿಗಳನ್ನು ಪರದೆಯ ಮೇಲೆ ತೋರಿಸಬೇಕಿತ್ತು. ಮೊದಲ ಡೆಮೊ ದಿನ ಲಾರಿಗಳೆಲ್ಲ ಬಂದವು, ಸರಿಯಾಗಿಯೇ ಚಲಿಸಿದವು, ಆದರೆ ಅವುಗಳ ಕೆಳಗೆ ರಸ್ತೆ ಇಲ್ಲ, ಊರಿಲ್ಲ, ಬರೀ ನೀಲಿ. ಅಷ್ಟೂ ಲಾರಿಗಳು ಹಿಂದೂ ಮಹಾಸಾಗರದ ಮೇಲೆ ಓಡುತ್ತಿದ್ದವು.

ಆದದ್ದಿಷ್ಟು. ಕಂಪ್ಯೂಟರಿನ ನಕ್ಷೆಯೆಂದರೆ ಜಗತ್ತನ್ನು ಸಣ್ಣ ಚೌಕಗಳಾಗಿ ಕತ್ತರಿಸಿ, ಒಂದೊಂದಕ್ಕೂ ಅಡ್ಡಸಾಲು–ಉದ್ದಸಾಲಿನ ನಂಬರು ಕೊಟ್ಟಿಟ್ಟ ರಾಶಿ. ಈ ನಂಬರು ಕೊಡುವುದಕ್ಕೆ ಎರಡು ಪದ್ಧತಿಗಳಿವೆ. ಒಂದರಲ್ಲಿ ಸೊನ್ನೆಯ ಸಾಲು ಉತ್ತರದ ತುದಿಯಲ್ಲಿ, ಇನ್ನೊಂದರಲ್ಲಿ ದಕ್ಷಿಣದ ತುದಿಯಲ್ಲಿ. ಚೌಕ ಕೊಟ್ಟವರದು ಒಂದು ಪದ್ಧತಿ, ಕೇಳಿದವರದು ಇನ್ನೊಂದು. ಭೂಮಧ್ಯರೇಖೆಯಿಂದ ಹದಿನೆಂಟೂವರೆ ಡಿಗ್ರಿ ಉತ್ತರಕ್ಕಿರುವ ಪುಣೆ ಕೇಳಿದರೆ, ಅಷ್ಟೇ ಡಿಗ್ರಿ ದಕ್ಷಿಣಕ್ಕಿರುವ ಜಾಗ ಬಂತು. ಅಲ್ಲಿ ನೆಲವೇ ಇಲ್ಲ. ಒಂದು ಸಾಲು ಬದಲಾಯಿಸಿ ಸರಿಪಡಿಸಿದ್ದಾಯಿತು. ಆದರೆ ಎಣಿಕೆಯನ್ನು ಯಾವ ತುದಿಯಿಂದ ಶುರುಮಾಡಬೇಕು ಎಂಬುದನ್ನು ಯಾರೋ ಯಾವಾಗಲೋ ಕೂತು ತೀರ್ಮಾನಿಸಿದ್ದಾರೆ, ಅದು ಹಾಗಲ್ಲದೆಯೂ ಇರಬಹುದಿತ್ತು ಎಂಬುದು ತಲೆಯಲ್ಲಿ ಉಳಿಯಿತು. ಆಮೇಲೆ ರಾತ್ರಿಯೆಲ್ಲ ಹಳೆಯ ನಕ್ಷೆಗಳನ್ನು ನೋಡುವುದೇ ಒಂದು ಚಟವಾಯಿತು.

ಎಲ್ಲರೂ ಮೊದಲು ಹೇಳುವ ಕಾರಣ ದಿಕ್ಸೂಚಿ. ಮುಳ್ಳು ಉತ್ತರಕ್ಕೆ ತೋರಿಸುತ್ತದೆ, ಅದಕ್ಕೇ ಉತ್ತರ ಮೇಲೆ. ಕೇಳಲು ಸರಿಯೆನಿಸುತ್ತದೆ. ಆದರೆ ಮುಳ್ಳಿಗೆ ಎರಡು ತುದಿಗಳಿವೆ. ದಿಕ್ಸೂಚಿಯನ್ನು ಮೊದಲು ಬಳಸಿದ ಚೀನಿಯರು ಅದನ್ನು ಕರೆದದ್ದೇ ‘ದಕ್ಷಿಣ ತೋರಿಸುವ ಮುಳ್ಳು’ ಎಂದು. ಅವರ ಚಕ್ರವರ್ತಿ ದಕ್ಷಿಣಕ್ಕೆ ಮುಖಮಾಡಿ ಕೂರುವವನು. ಅಷ್ಟಾಗಿಯೂ 1136ರಲ್ಲಿ ಕಲ್ಲಿನ ಮೇಲೆ ಚೌಕಚೌಕವಾಗಿ ಗೆರೆ ಕೊರೆದು ಮಾಡಿದ ಅವರ ಪ್ರಸಿದ್ಧ ನಕ್ಷೆಯಲ್ಲಿ ಉತ್ತರವೇ ಮೇಲಿದೆ. ಮುಳ್ಳಿಗೂ ಹಾಳೆಯ ತಲೆಗೂ ನಾವು ಅಂದುಕೊಂಡ ಹಾಗೆ ನೇರ ಸಂಬಂಧ ಇಲ್ಲ.

1154ರಲ್ಲಿ ಸಿಸಿಲಿಯ ರಾಜ ಎರಡನೇ ರೋಜರ್‌ಗಾಗಿ ಅಲ್ ಇದ್ರೀಸಿ ಮಾಡಿದ ಜಗತ್ತಿನ ನಕ್ಷೆಯಲ್ಲಿ ದಕ್ಷಿಣ ಮೇಲೆ. ಸುಮಾರು 1450ರಲ್ಲಿ ವೆನಿಸ್ಸಿನ ಸನ್ಯಾಸಿ ಫ್ರಾ ಮಾವ್ರೊ ಬರೆದ ದೊಡ್ಡ ನಕ್ಷೆಯಲ್ಲೂ ಹಾಗೇ. ಇಂಗ್ಲೆಂಡಿನ ಹೆರಿಫರ್ಡ್ ಚರ್ಚಿನಲ್ಲಿರುವ, ಸುಮಾರು 1300ರ ತೊಗಲಿನ ನಕ್ಷೆಯಲ್ಲಿ ಪೂರ್ವ ಮೇಲೆ: ತುದಿಯಲ್ಲಿ ಏದೆನ್ ತೋಟ, ನಟ್ಟನಡುವೆ ಜೆರುಸಲೇಮ್. ನನಗೆ ಎಲ್ಲಕ್ಕಿಂತ ಹಿಡಿಸಿದ್ದು 1500ರಲ್ಲಿ ನ್ಯೂರೆಂಬರ್ಗಿನ ಎಟ್ಸ್‌ಲೌಬ್ ಎಂಬಾತ ಅಚ್ಚುಹಾಕಿದ್ದು. ಜರ್ಮನಿಯಿಂದ ರೋಮಿಗೆ ನಡೆದು ಹೋಗುವ ಯಾತ್ರಿಕರಿಗಾಗಿ ಮಾಡಿದ ನಕ್ಷೆ ಅದು. ರೋಮ್ ದಕ್ಷಿಣಕ್ಕಿದೆ, ಆದ್ದರಿಂದ ದಕ್ಷಿಣ ಮೇಲೆ. ಹೋಗಬೇಕಾದ ಊರು ಕಣ್ಣೆದುರು. ನಮ್ಮ ಫೋನು ಕಾರಿನ ಮುಖಕ್ಕೆ ಸರಿಯಾಗಿ ನಕ್ಷೆಯನ್ನು ತಿರುಗಿಸಿಕೊಡುವಾಗ ಮಾಡುವುದೂ ಇದನ್ನೇ.

ಹಾಗಾದರೆ ಉತ್ತರ ಗೆದ್ದದ್ದು ಹೇಗೆ? ಬಹುಪಾಲು ಒಂದು ಪುಸ್ತಕದಿಂದ. ಎರಡನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಟಾಲೆಮಿ ಸುಮಾರು 8000 ಜಾಗಗಳಿಗೆ ಅಕ್ಷಾಂಶ ರೇಖಾಂಶ ಪಟ್ಟಿಮಾಡಿ, ಉತ್ತರ ಮೇಲೆ, ಪೂರ್ವ ಬಲಕ್ಕೆ ಇಟ್ಟು ನಕ್ಷೆ ಬರೆಯಿರಿ ಎಂದ. ಇಂದಿನ ಭಾಷೆಯಲ್ಲಿ ಹೇಳಿದರೆ ಡೇಟಾ ಕೊಟ್ಟು ಫಾರ್ಮ್ಯಾಟನ್ನೂ ಹೇಳಿಬಿಟ್ಟ. ಪಶ್ಚಿಮ ಯುರೋಪಿಗೆ ಆ ಗ್ರಂಥ ಲ್ಯಾಟಿನ್ನಿಗೆ ಅನುವಾದವಾಗಿ ಸಿಕ್ಕಿದ್ದು ಹದಿನೈದನೇ ಶತಮಾನದ ಆರಂಭದಲ್ಲಿ. ಐವತ್ತು ವರ್ಷದೊಳಗೆ ಅಚ್ಚಿನ ಯಂತ್ರ ಬಂತು. 1477ರಲ್ಲಿ ಬೊಲೋನ್ಯಾದಲ್ಲಿ, 1482ರಲ್ಲಿ ಉಲ್ಮ್‌ನಲ್ಲಿ ನಕ್ಷೆಗಳ ಸಮೇತ ಅದು ಅಚ್ಚಾಯಿತು. ಅದೇ ಹೊತ್ತಿಗೆ ಹಡಗುಗಳು ಹೊಸ ನೆಲ ಕಾಣತೊಡಗಿದ್ದವು. ಕಂಡದ್ದನ್ನೆಲ್ಲ ಆ ತಯಾರಾದ ಚೌಕಟ್ಟಿನೊಳಗೇ ಸೇರಿಸಿದರು. 1569ರ ಮರ್ಕೇಟರ್ ನಕ್ಷೆ ನಾವಿಕರಿಗೆ ಬೇಕಾದ್ದನ್ನು ಕೊಟ್ಟಿತು: ಎರಡು ಬಂದರುಗಳ ನಡುವೆ ಸ್ಕೇಲಿಟ್ಟು ಗೆರೆ ಎಳೆದರೆ ಹಡಗು ಹಿಡಿಯಬೇಕಾದ ಒಂದೇ ಕೋನ ಸಿಗುತ್ತದೆ. ಅಷ್ಟು ಉಪಯೋಗದ ನಕ್ಷೆಯನ್ನು ತಿರುಗಿಸಿ ಹಿಡಿಯುವ ಗೋಜಿಗೆ ಯಾರೂ ಹೋಗಲಿಲ್ಲ. ನಮ್ಮನ್ನು ಕೆಳಗಿಡಬೇಕೆಂದು ಯುರೋಪಿನವರು ಬೇಕಂತಲೇ ಮಾಡಿದರು ಅನ್ನುವ ವಾದವನ್ನೂ ಓದಿದ್ದೇನೆ. ನನಗೆ ಒಪ್ಪಿಗೆಯಿಲ್ಲ. ಸಾಫ್ಟ್‌ವೇರಿನಲ್ಲಿ ಇಪ್ಪತ್ತು ವರ್ಷ ಕಳೆದವರಿಗೆ ಗೊತ್ತಿರುತ್ತದೆ, ಡಿಫಾಲ್ಟ್ ಸೆಟ್ಟಿಂಗಿಗೆ ದುರುದ್ದೇಶ ಬೇಕಿಲ್ಲ. ಮೊದಲು ಬಂದರೆ ಸಾಕು.

ತಮಾಷೆಯೆಂದರೆ ಟಾಲೆಮಿಯ ಪಟ್ಟಿಯಲ್ಲಿ ನಮ್ಮ ಬನವಾಸಿಯ ಹೆಸರಿದೆ. ಆದರೆ ಅವನ ಲೆಕ್ಕದಂತೆ ಬರೆದ ನಕ್ಷೆಯಲ್ಲಿ ಭಾರತದ ತ್ರಿಕೋನವೇ ಇಲ್ಲ. ಕರಾವಳಿ ಹೆಚ್ಚುಕಮ್ಮಿ ಅಡ್ಡಡ್ಡ ಹೋಗುತ್ತದೆ, ಅದರ ಕೆಳಗೆ ಶ್ರೀಲಂಕಾ ದೈತ್ಯನಂತೆ ಬಿದ್ದಿದೆ. ನಮ್ಮನ್ನು ‘ಕೆಳಗೆ’ ಮಾಡಿದ ನಕ್ಷೆಯಲ್ಲಿ ನಾವು ಇದ್ದದ್ದೇ ಅಷ್ಟಕ್ಕಷ್ಟೆ.

ನಾನು ಕುಂದಾಪುರದ ಕಡೆಯವನು. ನಮ್ಮಲ್ಲಿ ‘ಮೇಲೆ’ ಅಂದರೆ ಘಟ್ಟದ ಮೇಲೆ, ಅಂದರೆ ಮೂಡು. ಹೊಳೆ ಅಲ್ಲಿಂದ ಇಳಿದು ಪಡುವಿನ ಕಡಲಿಗೆ ಸೇರುತ್ತದೆ. ದಿಕ್ಕಿನ ಹೆಸರೇ ಸೂರ್ಯನನ್ನು ನೋಡಿ ಇಟ್ಟದ್ದು: ಮೂಡುವ ಕಡೆ ಮೂಡು, ಅವನು ಪಡುವ ಕಡೆ ಪಡು. ಈಜಿಪ್ಟಿನವರೂ ನಮ್ಮ ಹಾಗೇ. ನೈಲ್ ನದಿ ದಕ್ಷಿಣದಿಂದ ಉತ್ತರಕ್ಕೆ ಇಳಿಯುವುದರಿಂದ ಅವರ ‘ಮೇಲಿನ ಈಜಿಪ್ಟ್’ ಇರುವುದು ನಕ್ಷೆಯ ಕೆಳಭಾಗದಲ್ಲಿ. ನಮ್ಮ ಕಡೆಯ ಊರುಗಳನ್ನು ನೋಡಿ: ಪಡುಕೋಣೆ, ಮೂಡುಗಿಳಿಯಾರು, ತೆಂಕನಿಡಿಯೂರು, ಬಡಾನಿಡಿಯೂರು. ಯಕ್ಷಗಾನಕ್ಕೂ ತೆಂಕುತಿಟ್ಟು, ಬಡಗುತಿಟ್ಟು. ಮನೆಯೊಳಗೆ ಚಾಪೆ ಸರಿಸುವುದಕ್ಕೂ “ಚೂರ್ ಬಡ್ಗಿಗ್ ಹಾಕ್” ಅನ್ನುವ ಜನ ನಾವು.

ಸಂಸ್ಕೃತದ ಹೆಸರುಗಳಲ್ಲಿ ಇನ್ನೂ ಸ್ಪಷ್ಟವಾಗಿ ಒಬ್ಬ ಮನುಷ್ಯ ನಿಂತಿದ್ದಾನೆ. ಪೂರ್ವ ಅಂದರೆ ಮುಂದಿನದು, ಪಶ್ಚಿಮ ಹಿಂದಿನದು, ದಕ್ಷಿಣ ಅಂದರೆ ಬಲಗಡೆ. ಸೂರ್ಯನಿಗೆ ಮುಖಮಾಡಿ ನಿಂತವನ ಬಲಗೈ ಯಾವ ಕಡೆ ಇದೆಯೋ ಅದು ದಕ್ಷಿಣ. ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತುವುದು ಪ್ರದಕ್ಷಿಣೆ. ಅರಬ್ಬಿಯಲ್ಲೂ ಹೀಗೇ, ಯೆಮನ್ ಎಂಬ ಹೆಸರಿನ ಬೇರು ‘ಬಲ’. ನಾನು ಪುಣೆಯಲ್ಲಿ ದಿನವೂ ದಾಟಿಹೋಗುವ ‘ಡೆಕ್ಕನ್’ ಬಸ್‌ಸ್ಟಾಪು ಅದೇ ದಕ್ಷಿಣದ ಸವೆದ ರೂಪ. ನಮ್ಮ ಇಡೀ ಪ್ರಸ್ಥಭೂಮಿಯೇ ಯಾರದೋ ಬಲಗೈ. ಇನ್ನು ‘ಉತ್ತರ’ಕ್ಕೆ ಮೇಲಿನದು ಎಂಬ ಅರ್ಥ ಇರುವುದು ನಿಜ, ಆದರೆ ಆ ಹೆಸರು ಹುಟ್ಟಿದಾಗ ಎದುರಿಗೆ ಹಾಳೆ ಇರಲಿಲ್ಲ.

ಇದೆಲ್ಲ ಓದಿನ ಸುಖಕ್ಕೆ ಎಂದುಕೊಂಡಿದ್ದೆ. ಹೋದ ವರ್ಷ ಮನೆಯೊಳಗೇ ಬಂತು.

ಅಪ್ಪಯ್ಯ ತೀರಿಕೊಂಡ ಮೇಲೆ ಜಾಗದ ವಿಭಾಗ ಪತ್ರ ಮಾಡಿಸುವುದಿತ್ತು. ಅಣ್ಣ ಚೆನ್ನೈಯಲ್ಲಿ, ನಾನಿಲ್ಲಿ. ಕಪಾಟಿನಲ್ಲಿ ಅಪ್ಪಯ್ಯ ಬರೆದಿಟ್ಟ ಹಾಳೆಯೊಂದು ಸಿಕ್ಕಿತೆಂದು ಅಮ್ಮ ಅದನ್ನು ಪತ್ರ ಬರೆಯುವವರ ಕಚೇರಿಗೆ ಕೊಟ್ಟು ಕಳಿಸಿದರು. ಒಂದು ವಾರಕ್ಕೆ ಟೈಪಾದ ಕರಡು ನಮ್ಮಿಬ್ಬರ ವಾಟ್ಸಾಪಿಗೆ ಬಂತು. ಜಾಗದ ಪೂರ್ವದ ಅರ್ಧ ದೊಡ್ಡ ಮಗನಿಗೆ, ಪಶ್ಚಿಮದ ಅರ್ಧ ಸಣ್ಣ ಮಗನಿಗೆ.

ನಮ್ಮ ಜಾಗದ ಪೂರ್ವದ ಅರ್ಧ ಅಂದರೆ ಗುಡ್ಡೆ. ಬೇಸಿಗೆಯಲ್ಲಿ ಅಲ್ಲಿ ಹುಲ್ಲೂ ಇಲ್ಲ. ಪಶ್ಚಿಮದ ಅರ್ಧದಲ್ಲಿ ಬಾವಿ, ತೋಟದ ದೊಡ್ಡ ಪಾಲು, ಗದ್ದೆ. ಅಣ್ಣ ದಿನಾ ರಾತ್ರಿ ಫೋನು ಮಾಡುವವನು, ಮಾಡಲಿಲ್ಲ. ನಾನು ಮಾಡಿದರೆ ಅತ್ತಿಗೆ ಎತ್ತಿ “ಮಲಗಿದ್ದಾರೆ” ಅಂದರು. ಎರಡನೇ ರಾತ್ರಿ ಅವನೇ ಮಾಡಿ, ಜಾಗದ ಮಾತು ತೆಗೆಯದೆ, “ಅಪ್ಪಯ್ಯನಿಗೆ ನನ್ನ ಮೇಲೆ ಏನಾದ್ರೂ ಬೇಜಾರಿತ್ತಾ?” ಎಂದು ಕೇಳಿದ. ಐವತ್ತು ವರ್ಷದವನ ದನಿ ಹಾಗಿದ್ದದ್ದನ್ನು ನಾನು ಕೇಳಿರಲಿಲ್ಲ.

ಮರುದಿನ ಪಕ್ಕದ ಮನೆಯ ಹುಡುಗನ ಕೈಲಿ ಮೂಲ ಹಾಳೆಯ ಫೋಟೊ ತರಿಸಿಕೊಂಡೆ. ನಾಲ್ಕು ಗೆರೆಯ ಚೌಕ. ಮೇಲಿಂದ ಕೆಳಕ್ಕೆ ಡೊಂಕಾಗಿ ಒಂದು ಗೆರೆ, ಅದರ ಮೇಲೆ ‘ತೋಡು’. ‘ಬಲಬದಿ ದೊಡ್ಡವನಿಗೆ, ಎಡಬದಿ ಸಣ್ಣವನಿಗೆ.’ ಪೂರ್ವ ಪಶ್ಚಿಮದ ಮಾತೇ ಇಲ್ಲ. ಬಾಣವೂ ಇಲ್ಲ. ಟೈಪು ಮಾಡಿದ ಹುಡುಗ ಎಲ್ಲರೂ ಮಾಡುವುದನ್ನೇ ಮಾಡಿದ್ದ: ಹಾಳೆಯ ತಲೆ ಉತ್ತರ, ಹಾಗಾದರೆ ಬಲ ಪೂರ್ವ. ಆದರೆ ನಮ್ಮ ತೋಡು ಹರಿಯುವುದು ಗುಡ್ಡೆಯಿಂದ ಗದ್ದೆಗೆ, ಮೂಡಿನಿಂದ ಪಡುವಿಗೆ. ಅಮ್ಮನಿಗೆ ಫೋನು ಮಾಡಿದೆ. ಇದರಲ್ಲಿ ಕೇಳುವುದೇನಿದೆ ಎಂಬಂತೆ ಅಂದರು: “ಜಗ್ಲಿ ಮೇಲ್ ಕೂಕಂಡ್ ಬರದ್ದ್. ಎದ್ರಿಗ್ ಗುಡ್ಡಿ ಅಲ್ದಾ? ಬಲ್ದ್ ಬದಿ ಅಂದ್ರೆ ತೆಂಕ್ ಬದಿ.”

ಅಪ್ಪಯ್ಯ ತೋಡಿನ ಗುಂಟ ಜಾಗವನ್ನು ಉದ್ದಕ್ಕೆ ಸೀಳಿದ್ದರು. ತೆಂಕಿನವನಿಗೂ ಬಡಗಿನವನಿಗೂ ಒಂದು ತುಂಡು ಗುಡ್ಡೆ, ಒಂದು ತುಂಡು ತೋಟ, ಒಂದು ತುಂಡು ಗದ್ದೆ, ನಡುವೆ ಇಬ್ಬರಿಗೂ ನೀರು. ಹಾಳೆಯನ್ನು ಒಂದು ಕಾಲು ಸುತ್ತು ತಿರುಗಿಸಿ ಓದಿದ್ದಕ್ಕೆ ಒಬ್ಬನಿಗೆ ನೀರಿಲ್ಲದ ಗುಡ್ಡೆ, ಇನ್ನೊಬ್ಬನಿಗೆ ಉಳಿದದ್ದೆಲ್ಲ. ಅಣ್ಣನಿಗೆ ಫೋಟೊ ಕಳಿಸಿ, ಅಮ್ಮನ ಮಾತನ್ನು ಇದ್ದ ಹಾಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ “ಬಾವಿ ನಿನ್ ಬದಿಗ್ ಬಂತಲ್ದಾ, ಪೈಪ್ ಹಾಕುಕ್ ಬಿಡ್ತೆಯಾ?” ಅಂದ. ಕರಡು ತಿದ್ದಿಸಿದೆವು. ಚಕ್ಕುಬಂದಿ ಬರೆಯುವಾಗ ಮಾತ್ರ ನಮ್ಮ ಕಾಗದಪತ್ರಗಳು ಈಗಲೂ ‘ಪೂರ್ವಕ್ಕೆ’ ಎಂದೇ ಶುರುಮಾಡುತ್ತವೆ. ಅದಕ್ಕೆ ಲಗತ್ತಿಸುವ ಸರ್ವೆ ನಕ್ಷೆಯ ತಲೆಯಲ್ಲಿ ಉತ್ತರದ ಬಾಣ. ಒಂದೇ ದಸ್ತಾವೇಜಿನಲ್ಲಿ ಎರಡು ಕಾಲದ ಮನುಷ್ಯರು.

2011ರಲ್ಲಿ ಅಮೆರಿಕದ ಕೆಲವು ಮನಶ್ಶಾಸ್ತ್ರಜ್ಞರು ಕಾಲ್ಪನಿಕ ಊರೊಂದರ ನಕ್ಷೆ ಕೊಟ್ಟು ಎಲ್ಲಿ ಮನೆ ಮಾಡುತ್ತೀರಿ ಎಂದು ಕೇಳಿದರು. ಜನರ ಒಲವು ಉತ್ತರದ ಬಡಾವಣೆಗಳ ಕಡೆಗಿತ್ತು. ನಕ್ಷೆಯನ್ನು ತಿರುವಿಹಾಕಿ ಕೊಟ್ಟಾಗ ಆ ಒಲವು ಮಾಯವಾಯಿತು. 1972ರ ಡಿಸೆಂಬರಿನಲ್ಲಿ ಅಪೊಲೊ 17ರ ಯಾತ್ರಿಗಳು ತೆಗೆದ ಇಡೀ ಭೂಮಿಯ ಚಿತ್ರ ನಾವೆಲ್ಲ ನೋಡಿದ್ದೇ. ಮೂಲ ಫ್ರೇಮಿನಲ್ಲಿ ಅಂಟಾರ್ಕ್ಟಿಕಾ ಮೇಲಿತ್ತು. ನಾವು ಕಂಡದ್ದು ತಿರುಗಿಸಿ ಪ್ರಕಟಿಸಿದ್ದನ್ನು. 1979ರಲ್ಲಿ ಆಸ್ಟ್ರೇಲಿಯಾದ ಸ್ಟುವರ್ಟ್ ಮೆಕಾರ್ಥರ್ ತನ್ನ ದೇಶವನ್ನು ಮೇಲಿಟ್ಟು ನಕ್ಷೆ ಅಚ್ಚುಹಾಕಿಸಿದ. ಅದು ಒಂದು ಒಳ್ಳೆಯ ತಕರಾರು, ಗೋಡೆಗೆ ಚೆಂದ.

ನಾನು ಮಾಡಿದ್ದು ಅದಕ್ಕಿಂತ ಸಣ್ಣದು. ಕೊಂಕಣದಿಂದ ಕೇರಳದವರೆಗಿನ ಕರಾವಳಿಯ ನಕ್ಷೆಯನ್ನು ಮೂಡು ಮೇಲಾಗುವಂತೆ ತಿರುಗಿಸಿ, ಹೆಸರುಗಳನ್ನು ನೆಟ್ಟಗೆ ಕೂರಿಸಿ ಪ್ರಿಂಟು ತೆಗೆದೆ. ಕೆಳಗೆ ಕಡಲು. ಅದರ ಮೇಲೆ ಮುಂಬಯಿ, ಕುಂದಾಪುರ, ಮಂಗಳೂರು ಸಾಲಾಗಿ. ಅವುಗಳ ಮೇಲೆ ಘಟ್ಟ, ಘಟ್ಟದ ಮೇಲೆ ಪುಣೆ, ಶಿವಮೊಗ್ಗ, ಹಾಸನ. ಶರಾವತಿ, ನೇತ್ರಾವತಿ ಎರಡೂ ನೀರಿನ ಹಾಗೆಯೇ ಕೆಳಗಿಳಿಯುತ್ತವೆ. ನಾನು ಊರು ಬಿಟ್ಟು ಬಂದದ್ದು ಎಡಗಡೆಗೆ. ಕುಂದಾಪುರದಿಂದ ಹೆಚ್ಚುಕಮ್ಮಿ ನೇರ ಮೂಡಕ್ಕಿರುವ ಚೆನ್ನೈ ಈ ಹಾಳೆಯ ತುತ್ತತುದಿಗೆ ಬರುತ್ತದೆ. ಅಣ್ಣನಿಗೆ ಕಳಿಸಿದೆ. “ನಾನ್ ಘಟ್ಟ ಹತ್ತಿ ಆಚಿಗ್ ಇಳ್ದವ. ನಮ್ಗಿಲ್ಲೂ ಕಡ್ಲಿತ್ತ್, ಮೇಲ್ ಜಾಗ ಬಿಟ್ಟ್ ಅದ್ನೂ ಬರಿ” ಎಂದು ಉತ್ತರ ಬಂತು.